ನಾಲ್ಕನೇ ತರಗತಿಗೆ ಆಫ್ರಿಕಾ ಖಂಡದ ಪಾಠ: ಪ್ರಾಣಿಗಳಿಂದ ಆರಂಭಿಸಬೇಕೇ, ಭೂಪಟದಿಂದಲೇ?

ಪ್ರಶ್ನೆ (ನಾಲ್ಕನೇ ತರಗತಿಯ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಆಫ್ರಿಕಾ ಖಂಡದ ಭೂಗೋಳವನ್ನೂ ವನ್ಯಜೀವಿಗಳನ್ನೂ ಎಂಟು ಅವಧಿಗಳಲ್ಲಿ ಕಲಿಸಬೇಕಾಗಿದೆ. ಅವರ ಮನಸ್ಸಿನಲ್ಲಿ ಈಗಾಗಲೇ ಏನಿದೆ ಎಂದು ತಿಳಿಯಲು ಮೊದಲ ದಿನ ಎಲ್ಲರಿಗೂ ಖಾಲಿ ಹಾಳೆ ಕೊಟ್ಟು, ಆಫ್ರಿಕಾ ಎಂದೊಡನೆ ಕಣ್ಣಿಗೆ ಕಟ್ಟುವುದನ್ನು ಚಿತ್ರಿಸಲು ಹೇಳಿದೆ. ಬಹುತೇಕ ಹಾಳೆಗಳಲ್ಲಿ ದಟ್ಟವಾದ ಕಾಡು, ಅದರ ನಡುವೆ ಸಿಂಹ, ಸಿಂಹದ ಪಕ್ಕದಲ್ಲಿ ಹುಲಿ, ಮರದಿಂದ ಜೋತುಬಿದ್ದ ಹಾವು ಇದ್ದವು. ಒಂದು ಹಾಳೆಯಲ್ಲೂ ಮನುಷ್ಯರಿರಲಿಲ್ಲ.

ಈ ಹಿಂದೆ ನಾನು ದಿನಕ್ಕೊಂದು ಪ್ರಾಣಿಯ ಚಿತ್ರ ತೋರಿಸಿ, ಅದರ ಆಹಾರ ಮತ್ತು ವಾಸಸ್ಥಾನವನ್ನು ಹೇಳಿ, ಕೊನೆಯ ಎರಡು ಅವಧಿಗಳಲ್ಲಿ ನದಿ, ಪರ್ವತ, ಮರುಭೂಮಿಗಳ ಹೆಸರುಗಳನ್ನು ಬರೆಸುತ್ತಿದ್ದೆ. ಮಕ್ಕಳು ಎಲ್ಲವನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆದರೆ ಜಿರಾಫೆ ಸಹಾರಾದ ನಡುವೆ ಏಕೆ ಇಲ್ಲ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಪ್ರಾಣಿಗಳ ಪಾಠ ಬೇರೆ, ಭೂಪಟದ ಪಾಠ ಬೇರೆ ಆಗದಂತೆ ಎರಡನ್ನೂ ಬೆಸೆಯುವ ಕ್ರಮವನ್ನು, ಈ ವಯಸ್ಸಿನವರಿಗೆ ಪಾಠ ಮಾಡಿದ ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಭೂಗೋಳ ಬೋಧಿಸುವವರು)

ನಿಮ್ಮ ಪ್ರಶ್ನೆಯಲ್ಲೇ ದಾರಿಯಿದೆ. ಪ್ರಾಣಿಯಿಂದಲೂ ಬೇಡ, ನದಿ-ಪರ್ವತಗಳ ಹೆಸರುಗಳಿಂದಲೂ ಬೇಡ, ಮಳೆಯಿಂದ ಆರಂಭಿಸಿ. ಮಳೆ ಎಲ್ಲಿ ಎಷ್ಟು ಬೀಳುತ್ತದೆ ಎಂಬುದು ಗೊತ್ತಾದರೆ ಅಲ್ಲಿ ಮರ ಬೆಳೆಯುತ್ತದೆಯೋ ಹುಲ್ಲೋ ಎಂಬುದು ಗೊತ್ತಾಗುತ್ತದೆ, ಅದು ಗೊತ್ತಾದ ಮೇಲೆ ಅಲ್ಲಿ ಯಾವ ಪ್ರಾಣಿ ಬದುಕಬಹುದು ಎಂಬುದನ್ನು ಮಕ್ಕಳೇ ಊಹಿಸುತ್ತಾರೆ.

ಈ ರೀತಿಯ ಪಾಠಕ್ಕೆ ಆಫ್ರಿಕಾದಷ್ಟು ಅನುಕೂಲವಾದ ಖಂಡ ಇನ್ನೊಂದಿಲ್ಲ. ಸಮಭಾಜಕ ವೃತ್ತ, ಕರ್ಕಾಟಕ ಸಂಕ್ರಾಂತಿ ವೃತ್ತ, ಮಕರ ಸಂಕ್ರಾಂತಿ ವೃತ್ತ ಈ ಮೂರೂ ಹಾದುಹೋಗುವ ಏಕೈಕ ಖಂಡ ಅದು. ಖಂಡದ ಹೊರರೇಖೆಯನ್ನಷ್ಟೇ ಮುದ್ರಿಸಿದ ಹಾಳೆಯನ್ನು ಪ್ರತಿ ಮಗುವಿಗೂ ಕೊಟ್ಟು, ಅದನ್ನು ಸಮಭಾಜಕ ವೃತ್ತದ ಮೇಲೆ ಸರಿಯಾಗಿ ಮಡಚಲು ಹೇಳಿ. ಬಿಡಿಸಿದಾಗ ಮಡಿಕೆಯ ಗೆರೆ ಕಾಣುತ್ತದೆ. ಆ ಗೆರೆಯ ಸುತ್ತ, ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿ, ಗಾಢ ಹಸಿರು ಬಳಿಸಿ. ಅದು ಕಾಂಗೋ ಜಲಾನಯನದ ಮಳೆಕಾಡು. ಅದರ ಮೇಲೆ ಮತ್ತು ಕೆಳಗೆ ಹಳದಿ ಬೆರೆತ ಹಸಿರು. ಅದು ಸವನ್ನಾ ಹುಲ್ಲುಗಾವಲು. ಅದರಿಂದಾಚೆ ಉತ್ತರಕ್ಕೆ ಸಹಾರಾ, ದಕ್ಷಿಣಕ್ಕೆ ಕಲಹಾರಿ ಮತ್ತು ನಮೀಬ್. ಎರಡೂ ತುದಿಗಳಲ್ಲಿ ಚಳಿಗಾಲದಲ್ಲಿ ಮಳೆ ಬೀಳುವ ಕಿರಿದಾದ ಕರಾವಳಿ ಪಟ್ಟಿ. ಬಣ್ಣ ಒಣಗಿದ ಮೇಲೆ ಮತ್ತೆ ಮಡಚಿದರೆ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಇದನ್ನು ನಾನು ಹೇಳುವ ಮೊದಲೇ ಮಕ್ಕಳು ಕಂಡುಕೊಳ್ಳುವ ಆ ಕ್ಷಣಕ್ಕಾಗಿ ನಾನು ಪ್ರತಿ ಸಲವೂ ಕಾಯುತ್ತೇನೆ.

ಹೀಗೇಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಪಾತ್ರೆಯಲ್ಲಿ ಬಿಸಿನೀರು ಇಟ್ಟು, ಅದರ ಮೇಲೆ ತಣ್ಣನೆಯ ತಟ್ಟೆ ಹಿಡಿದು, ತಟ್ಟೆಯ ಅಡಿಯಲ್ಲಿ ಹನಿಗಟ್ಟಿ ತೊಟ್ಟಿಕ್ಕುವುದನ್ನು ತೋರಿಸಿ. ಸಮಭಾಜಕ ವೃತ್ತದ ಬಳಿ ಕಾದ ತೇವದ ಗಾಳಿ ಹೀಗೆಯೇ ಮೇಲೇರಿ, ತಣ್ಣಗಾಗಿ ಮಳೆ ಸುರಿಸುತ್ತದೆ. ನೀರು ಕಳೆದುಕೊಂಡ ಅದೇ ಗಾಳಿ ದೂರ ಸಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಕೆಳಗಿಳಿಯುವಾಗ ಒಣಗಿರುತ್ತದೆ, ಆದ್ದರಿಂದಲೇ ಅಲ್ಲಿ ಮರುಭೂಮಿ. ಇಷ್ಟು ಸಾಕು, ಇದಕ್ಕಿಂತ ಹೆಚ್ಚಿನ ವಿವರ ಈ ವಯಸ್ಸಿಗೆ ಭಾರವಾಗುತ್ತದೆ. ಕೀನ್ಯಾ ದೇಶವೂ ಸಮಭಾಜಕ ವೃತ್ತದ ಮೇಲೆಯೇ ಇದೆ, ಅಲ್ಲೇಕೆ ದಟ್ಟ ಮಳೆಕಾಡು ಹಬ್ಬಿಲ್ಲ ಎಂದು ಯಾವುದಾದರೂ ಮಗು ಕೇಳಿದರೆ ಅದನ್ನು ಮನಸಾರೆ ಮೆಚ್ಚಿಕೊಳ್ಳಿ. ಪೂರ್ವ ಭಾಗದ ಎತ್ತರದ ನೆಲವೂ ಗಾಳಿ ಬೀಸುವ ದಿಕ್ಕೂ ಸೇರಿ ಅಲ್ಲಿನ ಮಳೆಯನ್ನು ಕಡಿಮೆ ಮಾಡಿವೆ.

ಹುಲಿಯ ವಿಷಯವನ್ನು ಈ ಭೂಪಟದ ನಂತರವೇ ಎತ್ತಿಕೊಳ್ಳಿ. ಆಫ್ರಿಕಾದ ಕಾಡುಗಳಲ್ಲಿ ಹುಲಿ ಇಲ್ಲ, ಅದು ಏಷ್ಯಾದ ಪ್ರಾಣಿ. ಸಿಂಹವನ್ನು ಕಾಡಿನ ರಾಜ ಎಂದು ಕರೆಯುವುದು ನಮ್ಮ ಮಾತಿನ ರೂಢಿ. ಆಫ್ರಿಕಾದಲ್ಲಿ ಅದು ಮುಖ್ಯವಾಗಿ ಬಯಲಿನ ಪ್ರಾಣಿ, ಒಣಹುಲ್ಲಿನ ಬಣ್ಣವೇ ಅದರ ಮೈಬಣ್ಣ. ಮಕ್ಕಳ ಚಿತ್ರವನ್ನು ತಪ್ಪು ಎಂದು ಹೊಡೆದುಹಾಕುವ ಬದಲು, ಸಿಂಹವನ್ನು ಕತ್ತರಿಸಿ ಹೊಸ ಭೂಪಟದಲ್ಲಿ ಸರಿಯಾದ ಬಣ್ಣದ ಮೇಲೆ ಅಂಟಿಸಲು ಹೇಳಿ.

ಉತ್ತರ 2 (ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕ)

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಅದಕ್ಕೆ ನನ್ನದೊಂದು ಸಲಹೆ ಸೇರಿಸುವುದಾದರೆ, ಮೂವತ್ತು ಪ್ರಾಣಿಗಳನ್ನು ಪರಿಚಯಿಸುವ ಆಸೆಯನ್ನು ಬಿಟ್ಟು, ಒಂದೇ ಜಾಗವನ್ನು ಆರಿಸಿಕೊಂಡು ಮೂರು ಅವಧಿಗಳನ್ನು ಅದಕ್ಕೇ ಮೀಸಲಿಡಿ. ನಾನು ಪೂರ್ವ ಆಫ್ರಿಕಾದ ಸೆರೆಂಗೆಟಿ ಬಯಲನ್ನು ಆರಿಸಿಕೊಳ್ಳುತ್ತೇನೆ.

ಒಂದು ಉದ್ದನೆಯ ಹಸಿರು ಕಾಗದವನ್ನು ಬಾಚಣಿಗೆಯ ಹಲ್ಲುಗಳಂತೆ ಕತ್ತರಿಸಿ, ಒಂದು ಗೇಣು ಎತ್ತರದ ಹುಲ್ಲಾಗಿ ಮೇಜಿನ ಮೇಲೆ ನಿಲ್ಲಿಸುತ್ತೇನೆ. ಮೂವರು ಮಕ್ಕಳು ಜೀಬ್ರಾ, ದನದಂತೆ ಕಾಣುವ ದೊಡ್ಡ ಹುಲ್ಲೆಯಾದ ವೈಲ್ಡ್‌ಬೀಸ್ಟ್ ಮತ್ತು ಚಿಕ್ಕ ಹುಲ್ಲೆಯಾದ ಥಾಮ್ಸನ್ ಗೆಜೆಲ್ ಆಗುತ್ತಾರೆ. ಮೇಲೆ ಕೆಳಗೆ ಎರಡೂ ಕಡೆ ಬಾಚಿಹಲ್ಲುಗಳಿರುವ ಜೀಬ್ರಾ ಒರಟಾದ ತುದಿಯನ್ನು ಕತ್ತರಿಸುತ್ತದೆ. ಮೆಲುಕು ಹಾಕುವ, ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲದ ವೈಲ್ಡ್‌ಬೀಸ್ಟ್ ನಡುವಿನ ಎಲೆಯನ್ನು ತಿನ್ನುತ್ತದೆ. ಪುಟ್ಟ ಮೂತಿಯ ಗೆಜೆಲ್ ನೆಲಕ್ಕಂಟಿದ ಎಳೆಯ ಚಿಗುರನ್ನು ಹೆಕ್ಕುತ್ತದೆ. ಕಳೆದ ಸಲ ಗೆಜೆಲ್ ಆಗಿದ್ದ ಹುಡುಗಿಯನ್ನು ಬೇಕೆಂದೇ ಮೊದಲು ಕಳುಹಿಸಿದೆ. ನಿಯಮದಂತೆ ಅವಳು ಉದ್ದನೆಯ ಹುಲ್ಲನ್ನು ಮುಟ್ಟುವಂತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತವಳು, 'ಸರ್, ಅವರಿಬ್ಬರೂ ತಿಂದು ಹೋದ ಮೇಲೆ ಬರ್ತೀನಿ' ಎಂದಳು. ಒಂದೇ ಬಯಲಿನಲ್ಲಿ ಇಷ್ಟೊಂದು ಬಗೆಯ ಪ್ರಾಣಿಗಳು ಹೇಗೆ ಬದುಕುತ್ತವೆ ಎಂಬುದನ್ನು ಅಂದು ನಾನು ವಿವರಿಸಬೇಕಾಗಲಿಲ್ಲ.

ಅದರ ಮರುದಿನ ವಲಸೆ. ವರ್ಷದ ಆರಂಭದ ತಿಂಗಳುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಟಾಂಜಾನಿಯಾದ ದಕ್ಷಿಣ ಸೆರೆಂಗೆಟಿಯಲ್ಲಿರುತ್ತವೆ. ಜ್ವಾಲಾಮುಖಿಯ ಬೂದಿಯಿಂದಾದ ಅಲ್ಲಿನ ಮಣ್ಣಿನಲ್ಲಿ ಬೆಳೆಯುವ ಗಿಡ್ಡ ಹುಲ್ಲು ಪೌಷ್ಟಿಕವಾದದ್ದು. ಬಹುಪಾಲು ಕರುಗಳು ಕೆಲವೇ ವಾರಗಳ ಅಂತರದಲ್ಲಿ ಅಲ್ಲಿಯೇ ಹುಟ್ಟಿ, ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತವೆ. ಮಳೆ ನಿಂತು ಬಯಲು ಒಣಗಿದಂತೆ ಹಿಂಡು ಪಶ್ಚಿಮಕ್ಕೂ ಉತ್ತರಕ್ಕೂ ಸಾಗಿ, ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ಕೀನ್ಯಾ ಗಡಿಯ ಬಳಿಯ ಮಾರಾ ನದಿಯ ಆಸುಪಾಸಿನಲ್ಲಿದ್ದು, ಮಳೆ ಮರಳಿದಾಗ ದಕ್ಷಿಣಕ್ಕೆ ಹಿಂದಿರುಗುತ್ತದೆ. ದೇಶದ ಗಡಿ ಆ ಹಿಂಡಿಗೆ ಗೊತ್ತಿಲ್ಲ, ಮಳೆ ಗೊತ್ತು. ಭೂಪಟದ ಮೇಲೆ ತಿಂಗಳಿಗೊಮ್ಮೆ ಒಂದು ಹಿಡಿ ಕಾಳುಗಳನ್ನು ಸರಿಸುತ್ತ ಹೋದರೆ ಋತು, ಮಣ್ಣು, ನದಿ, ಪ್ರಾಣಿ ಎಲ್ಲವೂ ಒಂದೇ ಪಾಠವಾಗುತ್ತವೆ.

ನದಿ ದಾಟುವ ಹಿಂಡಿನ ಮೇಲೆ ಮೊಸಳೆಯ ದಾಳಿಯ ದೃಶ್ಯಗಳನ್ನು ಮಾತ್ರ ಮಿತವಾಗಿ ತೋರಿಸಿ. ಅವನ್ನು ನೋಡಿದ ಮೇಲೆ ಮಕ್ಕಳ ನೆನಪಿನಲ್ಲಿ ಬೇರೇನೂ ಉಳಿಯುವುದಿಲ್ಲ.

ಉತ್ತರ 3 (ಗ್ರಂಥಪಾಲಕಿ)

ಒಂದು ಹಾಳೆಯಲ್ಲೂ ಮನುಷ್ಯರಿರಲಿಲ್ಲ ಎಂಬ ಮಾತು ನನ್ನನ್ನು ಬಹಳ ಕಾಡಿತು. ಆಫ್ರಿಕಾ ಒಂದು ದೇಶವಲ್ಲ, 54 ದೇಶಗಳಿರುವ, ಸುಮಾರು 3 ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಖಂಡ ಎಂಬುದನ್ನು ಮಕ್ಕಳು ಮೊದಲ ವಾರದಲ್ಲೇ ಕಾಣಬೇಕು. ಗೋಡೆಯ ಮೇಲಿನ ಅನೇಕ ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಆದ್ದರಿಂದ ಗಾತ್ರವನ್ನು ಗೋಳದ ಮೇಲೆ ತೋರಿಸುವುದೇ ಸರಿ. ದುಂಡನೆಯ ಗೋಳದ ಮೇಲೆ ದಾರವಿಟ್ಟು ಅಳೆದ ಮಗು ಅದನ್ನು ಮರೆಯುವುದಿಲ್ಲ.

ಪ್ರಾಣಿಗಳನ್ನೂ ಜನರನ್ನೂ ಒಟ್ಟಿಗೆ ತೋರಿಸಲು ನೈರೋಬಿ ರಾಷ್ಟ್ರೀಯ ಉದ್ಯಾನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1946ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಕೀನ್ಯಾದ ರಾಜಧಾನಿಗೆ ಅಂಟಿಕೊಂಡಂತಿದೆ. ಮುಂದೆ ಜಿರಾಫೆ ನಿಂತಿದ್ದು ಹಿಂದೆ ಬಹುಮಹಡಿ ಕಟ್ಟಡಗಳು ಕಾಣುವ ಒಂದು ಛಾಯಾಚಿತ್ರವನ್ನು ತರಗತಿಯಲ್ಲಿ ಹಿಡಿದು ತೋರಿಸಿ, ಮಕ್ಕಳಿಗೆ ಮಾತಾಡಲು ಬಿಡಿ. ನಗರದ ಕಡೆ ಬೇಲಿ, ದಕ್ಷಿಣದ ಕಡೆ ಪ್ರಾಣಿಗಳ ಓಡಾಟಕ್ಕೆ ತೆರೆದ ನೆಲ. ಆ ತೆರೆದ ಕಡೆಯಲ್ಲಿ ಜನರು ದನ ಮೇಯಿಸುತ್ತಾರೆ, ಸಿಂಹ ದನವನ್ನು ಹಿಡಿದರೆ ಅವರೇನು ಮಾಡಬೇಕು ಎಂಬ ಪ್ರಶ್ನೆಯನ್ನು ಒಂಬತ್ತು ವರ್ಷದವರೂ ಗಂಭೀರವಾಗಿಯೇ ಚರ್ಚಿಸುತ್ತಾರೆ.

ಸೆರೆಂಗೆಟಿಗೆ ಮೂರು ಅವಧಿ ಕೊಡುವುದಾದರೆ, ಉಳಿದುದರಲ್ಲಿ ಒಂದನ್ನಾದರೂ ಖಂಡದ ನೈಋತ್ಯ ಕರಾವಳಿಗೆ ಕೊಡಿ. ತಣ್ಣನೆಯ ಬೆಂಗುವೆಲಾ ಸಾಗರ ಪ್ರವಾಹದಿಂದಾಗಿ ಅಲ್ಲಿ ಪೆಂಗ್ವಿನ್‌ಗಳಿವೆ, ಅದೇ ಪ್ರವಾಹ ನಮೀಬ್ ಮರುಭೂಮಿಯ ಮೇಲೆ ಮಂಜು ಹಬ್ಬಲು ಕಾರಣವಾಗಿದೆ, ಆ ಮಂಜಿನಲ್ಲಿ ಒಂದು ಬಗೆಯ ಜೀರುಂಡೆ ಮರಳದಿಬ್ಬದ ನೆತ್ತಿಯೇರಿ, ತಲೆ ತಗ್ಗಿಸಿ ಬೆನ್ನೆತ್ತಿ ನಿಂತು, ಬೆನ್ನಿನಿಂದ ಬಾಯಿಗಿಳಿಯುವ ಹನಿಯನ್ನು ಕುಡಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದು ಅವಧಿಗಳು ಮುಗಿದಿವೆ. ಭೂಪಟ ಮಡಚುವ ಕೆಲಸಕ್ಕೆ ಒಂದರ ಬದಲು ಎರಡು ಅವಧಿಗಳು ಹಿಡಿದವು, ಏಕೆಂದರೆ ಅರ್ಧ ತರಗತಿ ಸಹಾರಾವನ್ನೇ ಮಡಿಕೆಯಾಗಿಸಿಕೊಂಡಿತ್ತು. ಕಾಳುಗಳ ವಲಸೆ ಚೆನ್ನಾಗಿ ನಡೆಯಿತು. ಆಗ ಒಬ್ಬ ಹುಡುಗ, ಹಿಂಡು ಹೋದ ಮೇಲೆ ಸಿಂಹಗಳು ಉಪವಾಸ ಇರುತ್ತವೆಯೇ, ಅವೇಕೆ ಹಿಂದೆಯೇ ಹೋಗುವುದಿಲ್ಲ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದಿದ್ದೇನೆ.

ಉತ್ತರ 2ನ್ನು ಬರೆದವರಿಂದ

ಬಹಳ ಒಳ್ಳೆಯ ಪ್ರಶ್ನೆ. ಸಿಂಹಗಳ ಗುಂಪಿಗೆ ತನ್ನದೇ ನೆಲೆಯಿರುತ್ತದೆ. ಆ ನೆಲೆಯನ್ನು ಬಿಟ್ಟು ಹೋದರೆ ಬೇರೆ ಗುಂಪುಗಳ ನೆಲೆಗೆ ಕಾಲಿಟ್ಟು ಕಾದಾಡಬೇಕಾಗುತ್ತದೆ, ಮರಿಗಳು ಅಷ್ಟು ದೂರ ನಡೆಯಲಾರವು. ಆದ್ದರಿಂದ ಬಹುಪಾಲು ಸಿಂಹಗಳು ಅಲ್ಲಿಯೇ ಉಳಿದು, ಕಾಡುಹಂದಿ, ಕಾಡೆಮ್ಮೆಯಂಥ ವಲಸೆ ಹೋಗದ ಪ್ರಾಣಿಗಳನ್ನು ನೆಚ್ಚಿಕೊಳ್ಳುತ್ತವೆ. ಆ ತಿಂಗಳುಗಳು ಅವಕ್ಕೆ ಕಷ್ಟದವೇ. ಸೆರೆಂಗೆಟಿಯ ಚುಕ್ಕೆ ಕತ್ತೆಕಿರುಬಗಳು ಬೇರೊಂದು ದಾರಿ ಕಂಡುಕೊಂಡಿವೆ. ಮರಿಗಳನ್ನು ಗವಿಯಲ್ಲಿ ಬಿಟ್ಟು, ಹಿಂಡು ಇರುವಲ್ಲಿಗೆ ಹತ್ತಾರು ಕಿಲೋಮೀಟರ್ ನಡೆದುಹೋಗಿ, ಬೇಟೆಯಾಡಿ, ಹಾಲೂಡಿಸಲು ಮತ್ತೆ ಗವಿಗೆ ಮರಳುತ್ತವೆ. ನಾಳೆ ಭೂಪಟದ ಮೇಲೆ ಸಿಂಹದ ಚಿತ್ರವನ್ನು ಅಂಟಿನಿಂದ ಅಂಟಿಸಿಬಿಡಿ, ಕತ್ತೆಕಿರುಬದ ಚಿತ್ರಕ್ಕೆ ಒಂದು ಉದ್ದನೆಯ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಗವಿಯ ಜಾಗಕ್ಕೆ ಚುಚ್ಚಿ, ಕಾಳುಗಳನ್ನು ಆ ಹುಡುಗನ ಕೈಗೆ ಕೊಡಿ.