ಸಹಾಯ ಬೇಕು: ಅಮ್ಮನಿಗೆ ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರು

ಗುಂಪಿನ ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಮ್ಮ ತಂದೆಯವರು ಅಡುಗೆಮನೆಯ ಬಾಗಿಲಲ್ಲೇ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ಆಗ ಒಲೆಯ ಮೇಲೆ ಕುಕ್ಕರ್ ಇತ್ತು. ಇಂದಿಗೂ ಪಕ್ಕದ ಮನೆಯ ಕುಕ್ಕರ್ ಸೀಟಿ ಕೇಳಿಸಿದರೂ ಅಮ್ಮ ಬೆಚ್ಚಿಬಿದ್ದು, ಕೈಯಲ್ಲಿದ್ದ ಕೆಲಸ ಬಿಟ್ಟು ವರಾಂಡಕ್ಕೆ ಬಂದು ನಿಲ್ಲುತ್ತಾರೆ. ಧಾರವಾಡದ ಮನೆಗೆ ಬೀಗ ಹಾಕಿ ಅವರನ್ನು ಬೆಂಗಳೂರಿಗೆ ಕರೆತಂದ ಮೇಲೆ ಓಣಿಯವರ ಒಡನಾಟವೂ ತಪ್ಪಿ, ಊಟ, ನಿದ್ದೆ ಎರಡೂ ಕಡಿಮೆಯಾಗಿವೆ. ವರ್ಷಾಂತಿಕ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ಬಂಧುಗಳು ಹೇಳುತ್ತಿದ್ದರು; ಸರಿಹೋಗಲಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ (14416) ಕರೆ ಮಾಡಿದಾಗ ಕನ್ನಡದಲ್ಲೇ, ಯಾವುದೇ ಶುಲ್ಕವಿಲ್ಲದೆ, ತಾಳ್ಮೆಯಿಂದ ಮಾತನಾಡಿ, ನೇರ ಭೇಟಿಯ ಸಮಾಲೋಚನೆ ಒಳ್ಳೆಯದೆಂದು ತಿಳಿಸಿದರು. ನಿಮ್ಹಾನ್ಸ್ ನಮಗೆ ದೂರವೇನಲ್ಲ, ಆದರೆ ಆ ಹೆಸರೆತ್ತಿದರೆ ಸಾಕು, ಅಮ್ಮ "ನನಗೇನ್ ಹುಚ್ಚ ಹಿಡದದೇನು?" ಎಂದು ಎದ್ದು ಹೋಗುತ್ತಾರೆ.

ಆದ್ದರಿಂದ ಜಯನಗರ, ಬನಶಂಕರಿ ಸುತ್ತಮುತ್ತ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿತರಾದ, ಸಾವಿನ ದುಃಖ ಮತ್ತು ಆಘಾತದ ಚಿಕಿತ್ಸೆಯಲ್ಲಿ ಅನುಭವವಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ಮಹಿಳೆಯಾಗಿದ್ದರೆ, ಅದರಲ್ಲೂ ಧಾರವಾಡದ ಕಡೆಯ ಮಾತು ಬಲ್ಲವರಾದರೆ ಇನ್ನೂ ಅನುಕೂಲ. ಒಂದು ಭೇಟಿಗೆ ಸುಮಾರು ಎಷ್ಟು ಶುಲ್ಕವಾಗುತ್ತದೆ, ಮೊದಲ ಭೇಟಿಯಲ್ಲಿ ಮನೆಯವರು ಜೊತೆಗೆ ಕೂರಬಹುದೇ ಎಂಬುದನ್ನೂ ಅನುಭವವಿದ್ದವರು ಬರೆಯಬೇಕೆಂದು ಕೋರುತ್ತೇನೆ. ಟಾನಿಕ್, ಲೇಹ್ಯಗಳ ಸಲಹೆ ಬೇಡ. ಅವು ಈಗಾಗಲೇ ಒಂದು ಕಪಾಟಿನಷ್ಟಿವೆ. ಒಪ್ಪದ ಹಿರಿಯರನ್ನು ಮೊದಲ ಸಲ ಹೇಗೆ ಒಪ್ಪಿಸಿ ಕರೆದೊಯ್ದಿರಿ ಎಂಬುದನ್ನು ಮಾತ್ರ ತಪ್ಪದೆ ತಿಳಿಸಿ.