ಗುಮಾಸ್ತರು ರೋಜುಕೀರ್ದಿ ಬಿಡ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ (ಹಾವೇರಿ ಕಡೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ):
ಮೇಡಂ, ನಮಸ್ಕಾರ್ರಿ. ಕೇಂದ್ರದ ಗಣಕೀಕರಣ ಯೋಜನೆಯಾಗ ನಮ್ಮ ಸಂಘಕ್ಕ ಕಂಪ್ಯೂಟರ್, ಸಾಫ್ಟ್‌ವೇರ್ ಬಂದು ವರ್ಷದ ಮ್ಯಾಲಾತು. ತರಬೇತಿನೂ ಆಗೇತಿ. ಆದ್ರ ಹಿರಿಯ ಗುಮಾಸ್ತರು ಮೊದಲು ರೋಜುಕೀರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ಬರೀತಾರ, ಸಂಜೀಕ ಹೊಸ ಹುಡುಗಿ ಅದನ್ನ ನೋಡಿ ಟೈಪ್ ಮಾಡ್ತಾಳ. ಎರಡೂ ತಾಳೆ ಆಗಂಗಿಲ್ಲ. ಮೊನ್ನೆ ಒಬ್ರು 40,000 ರೂಪಾಯಿ ಸಾಲ ತೀರಿಸಾಕ ಬಂದ್ರು. 12% ಬಡ್ಡಿ, 47 ದಿನ. ಪುಸ್ತಕದಾಗ 627 ರೂಪಾಯಿ, ಕಂಪ್ಯೂಟರಿನ್ಯಾಗ 618. "ಈ ಡಬ್ಬಿ ಸುಳ್ಳ ಹೇಳ್ತೈತಿ" ಅಂತ ಗುಮಾಸ್ತರು ಎಲ್ಲಾರ ಮುಂದ ಅಂದ್ಬಿಟ್ರು. ಊರಾಗ ಅವರ ಮಾತಿಗೆ ತೂಕ ಐತಿ. ಇನ್ನೊಮ್ಮೆ ತರಬೇತಿಗೆ ಕಳಸ್ಲೇನ್ರಿ?

ಉತ್ತರ (ಸಂಸ್ಥೆಗಳಲ್ಲಿ ಬದಲಾವಣೆ ತರುವ ಕೆಲಸದ ಸಲಹೆಗಾರ್ತಿ):
ಬೇಡ ಸರ್. ತರಬೇತಿಯಿಂದ ಬಗೆಹರಿಯುವ ವಿಷಯ ಇದಲ್ಲ. ಮೊದಲು ಆ ಒಂಬತ್ತು ರೂಪಾಯಿ ನೋಡೋಣ. ಗುಮಾಸ್ತರು ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಹಿಡಿದು ಲೆಕ್ಕ ಹಾಕಿದ್ದಾರೆ: 626.67. ಕಂಪ್ಯೂಟರ್ 365 ಹಿಡಿದಿದೆ: 618.08. ಸುಳ್ಳು ಯಾರೂ ಹೇಳಿಲ್ಲ, ಪದ್ಧತಿ ಬೇರೆ ಅಷ್ಟೆ. ಆದರೆ ಕೌಂಟರ್ ಮುಂದೆ ನಿಂತ ಸದಸ್ಯರ ತಲೆಯಲ್ಲಿ ಏಳುವ ಪ್ರಶ್ನೆ ಬೇರೆ: "ಹಂಗಾದ್ರ ಇಷ್ಟು ವರ್ಷ ನಮ್ಮಿಂದ ಜಾಸ್ತಿ ತಗೊಂಡ್ರೇನು?" ನಿಮ್ಮ ಗುಮಾಸ್ತರು ಹೆದರಿರುವುದು ಕೀಬೋರ್ಡಿಗಲ್ಲ, ಈ ಪ್ರಶ್ನೆಗೆ. ಅದಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ, ಆಡಳಿತ ಮಂಡಳಿ. ಬಡ್ಡಿಯನ್ನು ಯಾವ ಪದ್ಧತಿಯಲ್ಲಿ ಹಾಕಬೇಕು ಅಂತ ನಿಮ್ಮ ಸಂಘದ ಉಪವಿಧಿ (ಬೈಲಾ) ನೋಡಿ, ಲೆಕ್ಕಪರಿಶೋಧಕರನ್ನು ಕೇಳಿ, ಮಂಡಳಿಯಲ್ಲಿ ಠರಾವು ಮಾಡಿಸಿ. ಇಂಥ ತಾರೀಖಿನಿಂದ ಹೀಗೆ ಅಂತ ಅಧ್ಯಕ್ಷರ ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿ. ಹಳೆಯ ಲೆಕ್ಕದ ಜವಾಬ್ದಾರಿ ಒಬ್ಬ ನೌಕರನ ತಲೆ ಮೇಲಿಂದ ಇಳಿಯುವ ತನಕ ಅವರು ಪುಸ್ತಕ ಬಿಡುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ಇನ್ನು ಎರಡೆರಡು ಲೆಕ್ಕದ ವಿಷಯ. ಪರೀಕ್ಷೆಗೆ ಅಂತ ಒಂದೆರಡು ತಿಂಗಳು ಜೊತೆಜೊತೆಗೆ ನಡೆಸುವುದು ಸರಿ. ನಿಮ್ಮಲ್ಲಿ ವರ್ಷ ದಾಟಿದೆ. ಪುಸ್ತಕ ಇರುವವರೆಗೂ ಕಂಪ್ಯೂಟರ್ ಬರೀ ನಕಲು ತೆಗೆಯುವ ಯಂತ್ರ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ರಾಜ್ಯದ 'ಭೂಮಿ' ಯೋಜನೆ ನೆನಪಿಸಿಕೊಳ್ಳಿ. 2000ದ ಆಸುಪಾಸಿನಲ್ಲಿ ತಾಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿ ಕೊಡಲು ಶುರುವಾದಾಗ ಕಂಪ್ಯೂಟರ್ ಇಟ್ಟು ಸುಮ್ಮನಾಗಲಿಲ್ಲ. ಆಯಾ ತಾಲೂಕಿನಲ್ಲಿ ಕೌಂಟರ್ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದರು. ಅದಕ್ಕೆ ಮೊದಲು, ತುಂಬಿಸಿದ ಮಾಹಿತಿಯನ್ನು ಹಳೆ ದಾಖಲೆ ಜೊತೆ ತಾಳೆ ನೋಡಿದ್ದು ಗ್ರಾಮ ಲೆಕ್ಕಿಗರೇ. ಅದರಿಂದ ಎಲ್ಲಾ ಸರಿಹೋಯಿತು ಅಂತ ನಾನೇನೂ ಹೇಳುವುದಿಲ್ಲ, ಮ್ಯುಟೇಷನ್‌ಗೆ (ಜಮೀನು ಹೆಸರು ಬದಲಾವಣೆಗೆ) ಅಲೆದವರನ್ನು ಕೇಳಿ ನೋಡಿ! ಆದರೆ ಎರಡು ಪಹಣಿಯ ಗೊಂದಲ ಉಳಿಯಲಿಲ್ಲ.

ನೀವೂ ತಾರೀಖು ಗೊತ್ತು ಮಾಡಿ. ಮಾರ್ಚ್ 31ರ ಶಿಲ್ಕನ್ನು (ಉಳಿಕೆ ಮೊತ್ತವನ್ನು) ಖಾತೆವಾರು ತಾಳೆ ನೋಡುವ ಕೆಲಸ ಗುಮಾಸ್ತರದ್ದೇ ಆಗಲಿ. ಸುಸ್ತಿ (ಗಡುವು ಮೀರಿದ ಬಾಕಿ) ಎಷ್ಟು, ಯಾರ ಜಾಮೀನು, ಒಂದೇ ಹೆಸರಿನ ಇಬ್ಬರಲ್ಲಿ ಯಾರು ಯಾರು ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಪ್ರತಿ ಪುಟಕ್ಕೆ ಅವರ ಸಹಿ, ನಿಮ್ಮ ಸಹಿ. ಏಪ್ರಿಲ್ 1ರಿಂದ ರೋಜುಕೀರ್ದಿ ಬೀರುವಿಗೆ, ಕೀಲಿ ನಿಮ್ಮ ಹತ್ತಿರ. ಆಮೇಲೆ ದಿನದ ಕೊನೆಗೆ ನಗದು ಎಣಿಸಿ ಕಂಪ್ಯೂಟರ್ ಶಿಲ್ಕಿಗೆ ತಾಳೆ ಮಾಡುವ ಅಧಿಕಾರ ಅವರಿಗೆ ಕೊಡಿ. ಹುಡುಗಿ ನಮೂದು ಮಾಡಲಿ, ಅವರು ಪರಿಶೀಲಿಸಲಿ. ಹೆಸರಿಗಷ್ಟೇ ಅಲ್ಲ, ಅವರ ಲಾಗಿನ್ ಇಲ್ಲದೆ ದಿನ ಮುಗಿಯಬಾರದು.

ಮಲೆನಾಡಿನ ಇನ್ನೊಬ್ಬರು:
ಮೇಡಂ, ಕರೆಂಟ್ ಹೋದ್ರೆ? ನೆಟ್‌ವರ್ಕ್ ಇಲ್ದಿದ್ರೆ? ನಮ್ಮ ಮಲೆನಾಡಲ್ಲಿ ಮಳೆಗಾಲ ಪೂರ್ತಿ ಇದೇ ಕಥೆ.

ಉತ್ತರ:
ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ ಇಟ್ಟುಕೊಳ್ಳಿ. ಅವತ್ತಿನ ಮಟ್ಟಿಗೆ ಅದರಲ್ಲಿ ಬರೆದು, ಲೈನ್ ಬಂದ ಕೂಡಲೇ ನಮೂದು ಮಾಡಿ, ರಸೀದಿ ಮೇಲೆ ನಮೂದಿನ ಸಂಖ್ಯೆ ಬರೆಯಿರಿ. ಆ ನೆಪದಲ್ಲಿ ಹಳೆ ರಿಜಿಸ್ಟರ್ ಮತ್ತೆ ಹೊರಗೆ ಬರಬಾರದು.

ಪ್ರಶ್ನೆ ಕೇಳಿದವರು:
ಮಾರ್ಚ್‌ನಾಗ ವಸೂಲಿ ಗದ್ದಲರೀ ಮೇಡಂ. ಉಸಿರಾಡಾಕ ಪುರಸೊತ್ತು ಇರಂಗಿಲ್ಲ.

ಉತ್ತರ:
ಗೊತ್ತು. ಅದಕ್ಕೇ ಸದಸ್ಯರ ಹೆಸರು, ಆಧಾರ್, ಸರ್ವೆ ನಂಬರ್, ಷೇರು ಇವೆಲ್ಲಾ ಜನವರಿಯೊಳಗೆ ತಾಳೆ ಆಗಿಬಿಡಲಿ. ಏಪ್ರಿಲ್ ಮೊದಲ ವಾರಕ್ಕೆ ಸಾಲ, ಠೇವಣಿ ಬಾಕಿ ಮಾತ್ರ ಉಳಿಯಬೇಕು. ಬಡ್ಡಿಯ ಠರಾವು ಮಾತ್ರ ಮುಂದಿನ ಮಂಡಳಿ ಸಭೆಯಲ್ಲೇ ಮಾಡಿಸಿ. ಸಭೆಗೆ ಮುಂಚೆ ಗುಮಾಸ್ತರನ್ನು ಒಬ್ಬರನ್ನೇ ಕೂರಿಸಿಕೊಂಡು 360, 365ರ ಲೆಕ್ಕ ಕಾಗದದ ಮೇಲೆ ತೋರಿಸಿ. ಸಭೆಯಲ್ಲಿ ಅದನ್ನು ವಿವರಿಸುವವರು ಅವರೇ ಆದರೆ ಇನ್ನೂ ಒಳ್ಳೆಯದು.