ಅಪ್‌ಡೇಟ್: ಅಮ್ಮನ ಬೆನ್ನಿನ ಆಪರೇಷನ್ ಆಯ್ತು

ತೂಕ ಜಾಸ್ತಿ ಇರುವ ಅಮ್ಮನಿಗೆ ಬೆನ್ನುಮೂಳೆ ಆಪರೇಷನ್ ಮಾಡಿಸಬಹುದಾ ಅಂತ ಕೇಳಿದ್ದೆನಲ್ಲ, ತುಮಕೂರಿನಲ್ಲೇ ಆಯ್ತು, ಕಾಲಿನ ಸೆಳೆತ ಹೋಗಿದೆ. ಮೊದಲು ಶುಗರ್ ಹತೋಟಿಗೆ ತನ್ನಿ ಅಂದವರಿಗೆ ದೊಡ್ಡ ನಮಸ್ಕಾರ, ಡಾಕ್ಟರೂ ಅದನ್ನೇ ಹೇಳಿದರು. ಆಪರೇಷನ್‌ಗೆ ಮುಂಚೆ ತೂಕ ಇಳಿಸಲು ವಾಕಿಂಗ್ ಮಾಡಿಸಿ ಅನ್ನುವ ಸಲಹೆ ಮಾತ್ರ ಆಗಲಿಲ್ಲ. ನರ ಒತ್ತಿಕೊಂಡಿದ್ದರಿಂದ ಗೇಟಿನ ತನಕ ಹೋಗುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಮುಂದಕ್ಕೆ ಬಾಗಿ ತುಳಿಯುವ ಸೈಕಲ್ ಒಗ್ಗಿತು. ತೂಕ ಇಳಿಸಲು ಊಟ ಬಿಡಿಸುವುದೂ ಬೇಡ, ಪ್ರೋಟೀನ್ ಕಡಿಮೆಯಾದರೆ ಗಾಯ ಬೇಗ ಮಾಗಲ್ಲ ಅಂದರು ಡಾಕ್ಟರು. ಮುದ್ದೆ ಸಣ್ಣದಾಯ್ತು, ಹುರುಳಿಕಾಳು, ಮೊಟ್ಟೆ ಜಾಸ್ತಿಯಾಯ್ತು.

ನನಗೆ ಗೊತ್ತೇ ಇರದಿದ್ದ ವಿಷಯ ಅಂದ್ರೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ ಅಲ್ಲ, ಕೊಯ್ಯುವ ಜಾಗದಲ್ಲಿ ಚರ್ಮದ ಕೆಳಗೆ ಕೊಬ್ಬು ದಪ್ಪವಿದ್ದಷ್ಟೂ ಸೋಂಕಿನ ಭಯ ಜಾಸ್ತಿ, ಅದನ್ನು ಎಂಆರ್‌ಐನಲ್ಲೇ ನೋಡಬಹುದಂತೆ. ಅಮ್ಮನ ಹೊಲಿಗೆಯ ತುದಿಯೂ ಸ್ವಲ್ಪ ಒಸರಿತ್ತು, ಡ್ರೆಸ್ಸಿಂಗ್‌ನಲ್ಲೇ ಒಣಗಿತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಮರುದಿನವೇ ಎಬ್ಬಿಸಿ ನಡೆಸಿದರು.